ತಿದ್ದಿದ ಕಡೆ ಸಹಿ ಇರಲಿ

ಪುಟ್ಟ,

ನಿನ್ನನ್ನು ಇಲಾಖೆಯ ಡೇಟಾ ಗವರ್ನೆನ್ಸ್ ವಿಭಾಗಕ್ಕೆ ಹಾಕಿದ್ದಾರೆ ಅಂತ ಮೊನ್ನೆ ನಿಮ್ಮಪ್ಪ ಫೋನ್ ಮಾಡಿದಾಗ ಹೇಳಿದ. ಆಮೇಲೆ ನೀನು ಮಾತಾಡಿದೆ, ಆದರೆ ದನಿಯಲ್ಲಿ ಹುರುಪಿರಲಿಲ್ಲ. ‘ಎಲ್ಲರೂ ಯೋಜನೆ ಮಾಡ್ತಾರೆ ಅತ್ತೆ, ನಾನು ಬೇರೆಯವರ ಎಕ್ಸೆಲ್ ಶೀಟಿನಲ್ಲಿ ಖಾಲಿ ಮನೆ ಹುಡುಕ್ತಾ ಕೂತಿರ್ತೀನಿ’ ಅಂದೆ. ಅವತ್ತು ನಾನು ಸುಮ್ಮನಾದೆ. ಫೋನಿನಲ್ಲಿ ಆಡಿ ಮುಗಿಸುವ ಮಾತಲ್ಲ ಅನಿಸಿತು. ಅದಕ್ಕೇ ಈ ಕಾಗದ.

ನಾನು ದ್ವಿತೀಯ ದರ್ಜೆ ಸಹಾಯಕಿಯಾಗಿ ತಾಲ್ಲೂಕು ಕಚೇರಿಗೆ ಸೇರಿದಾಗ ಮೊದಲು ಕೂರಿಸಿದ್ದು ರೆಕಾರ್ಡ್ ರೂಮಿನಲ್ಲಿ. ಅಲ್ಲಿನ ಶಿರಸ್ತೇದಾರರು ಮೊದಲ ದಿನ ಕಲಿಸಿದ್ದು ಒಂದೇ ಪಾಠ. ವಹಿಯಲ್ಲಿ ತಪ್ಪು ಕಂಡರೆ ಕೆರೆದು ಅಳಿಸಬೇಡ, ಅಕ್ಷರದ ಮೇಲೆ ಅಕ್ಷರ ಬರೆಯಬೇಡ. ಹಳೆಯದು ಓದಲು ಬರುವ ಹಾಗೆ ಒಂದೇ ಗೆರೆ ಎಳೆ. ಪಕ್ಕದಲ್ಲಿ ಕೆಂಪು ಶಾಯಿಯಲ್ಲಿ ಸರಿಯಾದದ್ದನ್ನು ಬರೆ. ಯಾವ ಆದೇಶದ ಮೇಲೆ ತಿದ್ದಿದೆ ಅಂತ ನಂಬರು ಹಾಕಿ, ಸಹಿ ಮಾಡಿ, ತಾರೀಖು ಬರೆ. ನೀವು ಈಗ ಆಡಿಟ್ ಟ್ರೇಲ್ ಅನ್ನುತ್ತೀರಲ್ಲ, ಅದು ಆ ಕೆಂಪು ಶಾಯಿಯೇ. ನಾನು ಉಪ ತಹಶೀಲ್ದಾರಳಾಗಿ ನಿವೃತ್ತಳಾಗುವ ತನಕ ಕಲಿತದ್ದೆಲ್ಲ ಅದರ ಮೇಲೆ ಕಟ್ಟಿದ್ದು. ನಿನಗೆ ಹೇಳಬೇಕಾದದ್ದೂ ಅದೇ: ಸರ್ಕಾರದ ದಾಖಲೆಯಲ್ಲಿ ತಪ್ಪು ಬಂದೇ ಬರುತ್ತದೆ. ಅದನ್ನು ಯಾರು ತಿದ್ದಬೇಕು, ಎಲ್ಲಿ ತಿದ್ದಬೇಕು, ತಿದ್ದಿಸಿಕೊಳ್ಳಬೇಕಾದವರು ಯಾವ ಬಾಗಿಲಿಗೆ ಬರಬೇಕು, ಇಷ್ಟನ್ನು ಗಟ್ಟಿ ಮಾಡುವವನು ನೀನು.

ನಮ್ಮ ಭೂ ಕಂದಾಯ ಕಾಯ್ದೆ 1964ರದ್ದು. ಅದರ 133ನೇ ಕಲಂ ಒಮ್ಮೆ ಓದು. ಹಕ್ಕು ದಾಖಲೆಯಲ್ಲಿ ಬರೆದದ್ದನ್ನು, ಸುಳ್ಳೆಂದು ಸಾಬೀತಾಗುವ ತನಕ, ನಿಜವೆಂದೇ ಭಾವಿಸತಕ್ಕದ್ದು ಅನ್ನುತ್ತದೆ. ನಾನು ಇದನ್ನು ಮೊದಲ ಸಲ ಓದಿದ ರಾತ್ರಿ ನಿದ್ದೆ ಬರಲಿಲ್ಲ. ಅಂಗಡಿಯವನ ಲೆಕ್ಕದ ಪುಸ್ತಕದಲ್ಲಿ ತಪ್ಪಾದರೆ ಜಗಳ ಮಾಡಿ ಸರಿ ಮಾಡಿಸಿಕೊಳ್ಳಬಹುದು. ಸರ್ಕಾರ ತಪ್ಪು ಬರೆದರೆ ಕಾನೂನು ಮೊದಲು ಆ ಬರಹದ ಪಕ್ಕ ನಿಲ್ಲುತ್ತದೆ, ಸುಳ್ಳು ಅಂತ ತೋರಿಸುವ ಭಾರ ಮನುಷ್ಯನ ತಲೆಗೆ ಬೀಳುತ್ತದೆ. ಉತ್ತರ ಪ್ರದೇಶದ ಆಜಂಗಡದ ಲಾಲ್ ಬಿಹಾರಿಯ ಕಥೆ ನೀನೂ ಕೇಳಿರಬೇಕು. ಕಂದಾಯ ದಾಖಲೆಯಲ್ಲಿ ಸತ್ತವನೆಂದು ಬರೆಸಿಕೊಂಡ ಆ ರೈತ, ತಾನು ಬದುಕಿದ್ದೇನೆಂದು ಸಾಬೀತು ಮಾಡಲು 1994ರ ತನಕ, ಸುಮಾರು 18 ವರ್ಷ ಹೋರಾಡಿದ. ತನ್ನಂಥವರನ್ನು ಸೇರಿಸಿ ‘ಮೃತಕ ಸಂಘ’ವನ್ನೇ ಕಟ್ಟಿದ.

ಭೂಮಿ ಯೋಜನೆ ಬಂದಾಗ ನಾನು ಕೇಸ್ ವರ್ಕರ್. ಸುಮಾರು 2 ಕೋಟಿ ಪಹಣಿ, 67 ಲಕ್ಷ ರೈತರು, 177 ತಾಲ್ಲೂಕು ಕಚೇರಿಗಳು. ಗ್ರಾಮ ಲೆಕ್ಕಿಗರ ದಫ್ತರದೊಳಗಿದ್ದದ್ದೆಲ್ಲ ಕಂಪ್ಯೂಟರಿಗೆ ಬಂತು. ಆಮೇಲೆ ಕೈಬರಹದ ಪಹಣಿ ನಡೆಯುವುದಿಲ್ಲ ಅಂತ ಆಯಿತು, 15 ರೂಪಾಯಿಗೆ ಕಿಟಕಿಯಲ್ಲಿ ಪ್ರತಿ ಸಿಗತೊಡಗಿತು. ಮ್ಯುಟೇಷನ್ ಅರ್ಜಿ ಮೊದಲು ಬಂದದ್ದೇ ಮೊದಲು ಹೋಗಬೇಕು. ಹಿಂದಿನದ್ದನ್ನು ಎಳೆದು ಮುಂದೆ ಹಾಕಲು ತಂತ್ರಾಂಶ ಬಿಡುತ್ತಿರಲಿಲ್ಲ. ಅದರ ಬೆಲೆ ಏನೆಂದು ಗೊತ್ತಾಗಬೇಕಾದರೆ ಅದಕ್ಕೆ ಮೊದಲು ಪಹಣಿಗಾಗಿ ಲೆಕ್ಕಿಗರ ಮನೆ ಬಾಗಿಲಲ್ಲಿ ಕಾದವರನ್ನು ಕೇಳಬೇಕು. ನಾನು ಕಣ್ಣಾರೆ ಕಂಡಿದ್ದೇನೆ, ಅದು ದೊಡ್ಡ ಕೆಲಸ.

ಆದರೆ ಅಷ್ಟು ದೊಡ್ಡ ನಕಲು ಕೆಲಸದಲ್ಲಿ ಕೈತಪ್ಪು ನುಸುಳದೆ ಇರುತ್ತದೆಯೇ? ನಾನಿದ್ದ ಒಂದು ತಾಲ್ಲೂಕಿನಲ್ಲಿ ಹೀಗಾಯಿತು. ಪಹಣಿಯಲ್ಲಿ ಮಗ ಅನ್ನುವುದಕ್ಕೆ ‘ಬಿನ್’, ಹೆಂಡತಿ ಅನ್ನುವುದಕ್ಕೆ ‘ಕೋಂ’ ಅಂತ ಬರೆಯುವುದು ರೂಢಿ ತಾನೆ? ಒಬ್ಬ ವಿಧವೆಯ ಹೆಸರಿನ ಮುಂದೆ ಕೋಂ ಇರಬೇಕಾದ ಕಡೆ ಬಿನ್ ಬಿದ್ದಿತ್ತು. ಗಂಡನೇ ದಾಖಲೆಯಲ್ಲಿ ಅಪ್ಪನಾಗಿಬಿಟ್ಟ! ಬ್ಯಾಂಕಿನವರು ಸಾಲ ಕೊಡಲಿಲ್ಲ. ಆಕೆ ಹದಿನಾಲ್ಕು ತಿಂಗಳು ಓಡಾಡಿದಳು. ನಮೂದು ಮಾಡಿದ ಏಜೆನ್ಸಿಯ ಗುತ್ತಿಗೆ ಮುಗಿದಿತ್ತು. ತಾಳೆ ನೋಡಿದ ಲೆಕ್ಕಿಗರಿಗೆ ವರ್ಗವಾಗಿತ್ತು. ಕಂಪ್ಯೂಟರ್ ಕೋಣೆಯವರು ಕೇಸ್ ವರ್ಕರ್ ಕಡೆ ಕೈ ತೋರಿಸಿದರು, ಕೇಸ್ ವರ್ಕರ್ ಸಾಹೇಬರ ಕಡೆ ತೋರಿಸಿದರು. ಆ ಕೇಸ್ ವರ್ಕರ್ ನಾನೇ. ಕೊನೆಗೆ ರೆಕಾರ್ಡ್ ರೂಮಿಗೆ ಹೋಗಿ ಹಳೆಯ ಪುಸ್ತಕ ತೆಗೆಸಿದೆ. ಕೈಬರಹದಲ್ಲಿ ‘ಕೋಂ’ ಅಂತ ಸ್ಪಷ್ಟವಾಗಿಯೇ ಇತ್ತು. ಕಡತ ತಯಾರಿಸಿ ಆದೇಶ ಮಾಡಿಸಲು ಹಿಡಿದದ್ದು ಎರಡು ದಿನ. ಹದಿನಾಲ್ಕು ತಿಂಗಳಲ್ಲಿ ಎರಡು ದಿನ! ಉಳಿದದ್ದೆಲ್ಲ ಈ ತಪ್ಪು ಯಾರ ಪಾಲಿನದು ಅಂತ ಯಾರೂ ಒಪ್ಪಿಕೊಳ್ಳದೆ ಕಳೆದ ಕಾಲ. ಆಕೆಯ ಮುಖ ಈಗಲೂ ನೆನಪಾಗುತ್ತದೆ, ನನಗೆ ಸಂಕಟವಾಗುತ್ತದೆ.

ಅದಕ್ಕೇ ಹೇಳುವುದು, ನಿನ್ನ ಇಲಾಖೆಯ ಒಂದೊಂದು ಕಾಲಮ್ಮಿಗೂ ಒಂದು ಹುದ್ದೆಯನ್ನು ಹೊಣೆ ಮಾಡಿ ಆದೇಶ ಹೊರಡಿಸು. ‘ಐಟಿ ಸೆಲ್’ ಅಂತ ಬರೆಯಬೇಡ, ‘ಸಂಬಂಧಪಟ್ಟವರು’ ಅಂತಂತೂ ಬರೆಯಲೇಬೇಡ. ಜನ್ಮ ದಿನಾಂಕ ತಪ್ಪಿದ್ದರೆ ಯಾವ ಹುದ್ದೆಯವರು, ಎಷ್ಟು ದಿನದಲ್ಲಿ, ಯಾವ ದಾಖಲೆ ನೋಡಿ ತಿದ್ದಬೇಕು, ಅವರು ತಿದ್ದದಿದ್ದರೆ ಯಾರ ಹತ್ತಿರ ಹೋಗಬೇಕು, ಅಷ್ಟೂ ಇರಲಿ. ಕಂಪ್ಯೂಟರ್ ಕೆಲಸ ನೋಡುವ ಕಂಪನಿ ಬದಲಾಗುತ್ತದೆ, ಸಾಹೇಬರು ಬದಲಾಗುತ್ತಾರೆ, ಹುದ್ದೆ ಉಳಿಯುತ್ತದೆ.

ಇನ್ನು ಎಲ್ಲಿ ತಿದ್ದಬೇಕು ಅನ್ನುವುದು. ಈಗ ಪಹಣಿಯ ವಿವರ ಪಹಣಿಯಲ್ಲೇ ಕೂತಿರುವುದಿಲ್ಲ. ಅಲ್ಲಿಂದ ರೈತರ ನೋಂದಣಿಯ ಫ್ರೂಟ್ಸ್ ತಂತ್ರಾಂಶಕ್ಕೆ ಹೋಗಿ ರೈತನ ಗುರುತಿನ ಸಂಖ್ಯೆ, ಅಂದರೆ ಎಫ್‌ಐಡಿ, ಆಗುತ್ತದೆ. ಬೆಳೆ ವಿಮೆಗೆ ಸಂರಕ್ಷಣೆ ತಂತ್ರಾಂಶ, ಬೆಳೆ ನಷ್ಟಕ್ಕೆ ಪರಿಹಾರ ತಂತ್ರಾಂಶ, ಹೀಗೆ ಒಂದು ಹೆಸರು ಎಷ್ಟೋ ಮನೆ ಹೊಕ್ಕು ಬರುತ್ತದೆ. ಮೇಲಿನ ಕೆರೆಯಲ್ಲಿ ಕದಡಿದ ನೀರನ್ನು ಕೆಳಗಿನ ತೂಬಿನಲ್ಲಿ ಸೋಸುತ್ತಾ ಕೂತರೆ ಎಷ್ಟು ತೂಬಿಗೆ ಬಟ್ಟೆ ಕಟ್ಟುತ್ತೀಯ? ನಿನ್ನ ಶೀಟಿನಲ್ಲಿ ತಪ್ಪು ಕಂಡಾಗ ನಿನ್ನಲ್ಲೇ ಸರಿ ಮಾಡಿ ಕಳಿಸಿಬಿಡೋಣ ಅನಿಸುತ್ತದೆ; ಅವತ್ತಿನ ವರದಿ ಚೆನ್ನಾಗಿ ಕಾಣುತ್ತದೆ. ಮುಂದಿನ ತಿಂಗಳು ಮೂಲದಿಂದ ಅದೇ ತಪ್ಪು ಮತ್ತೆ ಹರಿದು ಬರುತ್ತದೆ. ಆ ಮಾಹಿತಿ ಹುಟ್ಟಿದ ಕಚೇರಿಗೆ ಪತ್ರ ಬರೆ. ಉತ್ತರ ಬರದಿದ್ದರೆ ಜ್ಞಾಪನ ಕಳಿಸು. ಬೇಜಾರಿನ ಕೆಲಸ, ಗೊತ್ತು. ಆದರೂ ಬಿಡಬೇಡ.

ಪದಗಳ ಅರ್ಥದ ಮೇಲೂ ಕಣ್ಣಿಡು, ಪುಟ್ಟ. ‘ಕುಟುಂಬ’ ಅಂದರೆ ಯಾರು? ಜನಗಣತಿಯವರಿಗೆ ಒಂದೇ ಅಡುಗೆಮನೆಯಲ್ಲಿ ಉಣ್ಣುವವರು. ಆಹಾರ ಇಲಾಖೆಗೆ ರೇಷನ್ ಕಾರ್ಡಿನಲ್ಲಿ ಹೆಸರಿರುವವರು. ನರೇಗಾದಲ್ಲಿ ಜಾಬ್ ಕಾರ್ಡಿನಲ್ಲಿರುವವರು. ನಮ್ಮನೆಯನ್ನೇ ನೋಡು. ಅಜ್ಜಿ ಒಂದು ಕಾರ್ಡಿನಲ್ಲಿದ್ದರು, ಉಣ್ಣುತ್ತಿದ್ದದ್ದು ಚಿಕ್ಕಪ್ಪನ ಮನೆಯಲ್ಲಿ, ಜಮೀನು ಇನ್ನೂ ಜಂಟಿ ಖಾತೆ. ಮೂರು ಪಟ್ಟಿಯಲ್ಲಿ ಮೂರು ಕುಟುಂಬ! ಈಗ ಕುಟುಂಬ ಅನ್ನುವ ಹೆಸರಿನಲ್ಲೇ ರಾಜ್ಯದ ದತ್ತಾಂಶ ವ್ಯವಸ್ಥೆ ಇದೆ. ಒಂದು ಇಲಾಖೆಯ ಕುಟುಂಬವನ್ನು ಇನ್ನೊಂದರ ಕುಟುಂಬಕ್ಕೆ ಜೋಡಿಸುವ ಮೊದಲು, ನಿಮ್ಮಲ್ಲಿ ಆ ಪದಕ್ಕೆ ಏನರ್ಥ ಅಂತ ಬರಹದಲ್ಲಿ ಕೇಳು. ಊರಿನ ಹೆಸರೂ ಹಾಗೆಯೇ. ಕಂದಾಯಕ್ಕೆ ಹೋಬಳಿ ಇದೆ, ಪಂಚಾಯತ್ ರಾಜ್‌ಗೆ ಆ ಹಂತವೇ ಇಲ್ಲ. ವಿಜಯನಗರ 2021ರಲ್ಲಿ ಬಳ್ಳಾರಿಯಿಂದ ಬೇರೆ ಜಿಲ್ಲೆಯಾಯಿತು. ಹಳೆಯ ಬಳ್ಳಾರಿಯ ಅಂಕಿಯನ್ನು ಈಗಿನ ಬಳ್ಳಾರಿಗೆ ಹೋಲಿಸಿದರೆ ಅರ್ಧ ಜನ ಎಲ್ಲಿ ಹೋದರು ಅಂತ ಗಾಬರಿಯಾಗಬೇಕು.

ಹೆಸರುಗಳದ್ದು ಇನ್ನೊಂದು ಗೋಳು, ಇದರಲ್ಲಿ ನಾನು ತುಂಬ ಜನರ ಕಣ್ಣೀರು ನೋಡಿದ್ದೇನೆ. ನಮ್ಮ ಕಡೆ ಇನಿಷಿಯಲ್ ಮುಂದೆ, ಉತ್ತರ ಕರ್ನಾಟಕದಲ್ಲಿ ಮನೆತನದ ಹೆಸರು ಹಿಂದೆ. ಲಕ್ಷ್ಮಮ್ಮನ ‘ಕ್ಷ’ವನ್ನು ಇಂಗ್ಲಿಷಿನಲ್ಲಿ ಒಬ್ಬರು ಕೆ, ಎಸ್, ಎಚ್ ಹಾಕಿ ಬರೆಯುತ್ತಾರೆ, ಇನ್ನೊಬ್ಬರು ಎಕ್ಸ್ ಹಾಕುತ್ತಾರೆ. ಯಂತ್ರಕ್ಕೆ ಇಬ್ಬರು ಲಕ್ಷ್ಮಮ್ಮ ಕಾಣುತ್ತಾರೆ, ಒಬ್ಬಳ ಪಿಂಚಣಿ ನಿಲ್ಲುತ್ತದೆ. ಕನ್ನಡದಲ್ಲೇ ಹೋಲಿಸೋಣ ಅಂದರೆ ಹಳೆಯ ಕಡತಗಳೆಲ್ಲ ಯೂನಿಕೋಡ್‌ಗೆ ಮುಂಚಿನ ನುಡಿ, ಬರಹ ಫಾಂಟುಗಳಲ್ಲಿ ಕೂತಿವೆ. ತೆರೆಯ ಮೇಲೆ ಕನ್ನಡ, ಒಳಗೆ ಇಂಗ್ಲಿಷ್ ಅಕ್ಷರಗಳ ಗೋಜಲು. ಪರಿವರ್ತಿಸುವಾಗ ಅರ್ಕಾವೊತ್ತು ಜಾಗ ತಪ್ಪಿದರೆ ಬೇರೆಯದೇ ಹೆಸರು. ಪರಿವರ್ತನೆಯಾದ ಮೇಲೆ ಒಂದಿಷ್ಟು ಹೆಸರನ್ನು ಕಣ್ಣಿನಿಂದ ಓದಿಸು, ಆ ಊರು ಗೊತ್ತಿದ್ದವರಿಂದ ಓದಿಸು. ಮುಖ್ಯವಾದ ಮಾತು ಇನ್ನೊಂದಿದೆ. ಹೆಸರು ತಾಳೆಯಾಗಲಿಲ್ಲ ಅನ್ನುವುದು ವಿಚಾರಿಸಲು ಕಾರಣವಾಗಲಿ, ನಿಲ್ಲಿಸಲು ಕಾರಣವಾಗದಿರಲಿ. ಪಟ್ಟಿಯಿಂದ ತೆಗೆಯುವ ಮೊದಲು ಒಬ್ಬರು ಮನೆಗೆ ಹೋಗಿ ನೋಡಿ ಬರಲಿ. ಇದನ್ನು ಸಭೆಯಲ್ಲಿ ಹೇಳಿದರೆ ‘ಅಷ್ಟು ಸಿಬ್ಬಂದಿ ಎಲ್ಲಿದ್ದಾರೆ’ ಅನ್ನುತ್ತಾರೆ. ಆದರೂ ಹೇಳು, ನಡಾವಳಿಯಲ್ಲಿ ಬರೆಸು.

ಹಂಚುವ ವಿಷಯಕ್ಕೆ ಬರುತ್ತೇನೆ. ಒಂದು ಕಚೇರಿಯಲ್ಲಿ ಫಲಾನುಭವಿಗಳ ಪಟ್ಟಿಯನ್ನು ಆಧಾರ್ ಸಂಖ್ಯೆ, ಬ್ಯಾಂಕ್ ಖಾತೆ ಸಮೇತ ವಾಟ್ಸ್‌ಆ್ಯಪ್ ಗುಂಪಿಗೆ ಹಾಕಿದ್ದನ್ನು ನೋಡಿದ್ದೇನೆ. ಹಾಕಿದ ಹುಡುಗನಿಗೆ ದುರುದ್ದೇಶ ಇರಲಿಲ್ಲ. ಸಂಜೆಯೊಳಗೆ ವರದಿ ಬೇಕು ಅಂತ ಮೇಲಿನವರು ಅವಸರ ಮಾಡಿದ್ದರು. ಮಾಹಿತಿ ಹಕ್ಕು ಕಾಯ್ದೆಯ 4ನೇ ಕಲಂ ಪ್ರಕಾರ ಸಹಾಯಧನ ಪಡೆದವರ ವಿವರ ನಾವೇ ಪ್ರಕಟಿಸಬೇಕು, ಅದು ನಿಜ. ಊರಿನ ಜನ ಆ ಪಟ್ಟಿ ನೋಡಿಯೇ ‘ಈ ಹೆಸರಿನವರು ನಮ್ಮೂರಲ್ಲಿ ಇಲ್ಲವೇ ಇಲ್ಲ’ ಅಂತ ಹಿಡಿಯುತ್ತಾರೆ, ಆ ಬೆಳಕನ್ನು ನೀನು ಆರಿಸಬಾರದು. ಆದರೆ ಆಧಾರ್ ಸಂಖ್ಯೆಯನ್ನು ಸಾರ್ವಜನಿಕವಾಗಿ ಪ್ರಕಟಿಸಬಾರದು ಅಂತ ಆಧಾರ್ ಕಾಯ್ದೆಯ 29ನೇ ಕಲಂ ಹೇಳುತ್ತದೆ. ಯೋಜನೆ, ಊರು, ಹೆಸರು, ಮೊತ್ತ ಗೋಡೆಯ ಮೇಲೆ ಇರಲಿ. ಆಧಾರ್, ಖಾತೆ ಸಂಖ್ಯೆ, ಫೋನು, ಕಾಯಿಲೆ ಬೀಗದ ಒಳಗಿರಲಿ. ಇದು ಪ್ರತಿ ಸಲ ಯಾರೋ ಯೋಚಿಸಿ ತೀರ್ಮಾನಿಸುವ ಮಾತಾಗದೆ, ತಂತ್ರಾಂಶದಿಂದ ಪಟ್ಟಿ ಇಳಿಸುವಾಗಲೇ ಆ ಕಾಲಮ್ಮುಗಳು ಬರದ ಹಾಗೆ ಮಾಡಿಸು.

ಖಾಸಗಿತನ ಮೂಲಭೂತ ಹಕ್ಕು ಅಂತ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ಒಮ್ಮತದಿಂದ ಹೇಳಿತಲ್ಲ, ಆ ಮೊಕದ್ದಮೆಯಲ್ಲಿ ಅರ್ಜಿದಾರರಾಗಿ ನಿಂತವರು ನಮ್ಮ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಎಂಬತ್ತು ದಾಟಿದ ಮೇಲೆ ಕೋರ್ಟಿನ ಮೆಟ್ಟಿಲು ಹತ್ತಿದರು. ನನಗೆ ಅವರ ಮೇಲೆ ಬಹಳ ಗೌರವ. ಆಮೇಲೆ 2023ರಲ್ಲಿ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ, 2025ರ ನವೆಂಬರ್‌ನಲ್ಲಿ ಅದರ ನಿಯಮಗಳು ಬಂದವು. ಸಹಾಯಧನ, ಪ್ರಮಾಣಪತ್ರ, ಪರವಾನಗಿ ಕೊಡುವುದಕ್ಕೆ ಸರ್ಕಾರ ಪ್ರತಿ ಸಲ ಹೊಸದಾಗಿ ಒಪ್ಪಿಗೆ ಕೇಳಬೇಕಾಗಿಲ್ಲ ಅನ್ನುವ ಸಡಿಲಿಕೆ ಅದರಲ್ಲಿದೆ. ಎಲ್ಲರೂ ಅಷ್ಟನ್ನೇ ನಿನಗೆ ಓದಿ ಹೇಳುತ್ತಾರೆ. ನೀನು 8ನೇ ಕಲಂ ಓದಿ ಹೇಳು. ಒಬ್ಬರ ಬಗ್ಗೆ ತೀರ್ಮಾನ ತೆಗೆದುಕೊಳ್ಳಲು ಬಳಸುವ ಮಾಹಿತಿ ಪೂರ್ಣವಾಗಿ, ನಿಖರವಾಗಿ, ಒಂದಕ್ಕೊಂದು ಹೊಂದಿಕೊಂಡು ಇರಬೇಕು ಅಂತ ಅಲ್ಲಿದೆ. ಕೆಂಪು ಶಾಯಿಯ ಪಾಠವೇ ಈಗ ಸಂಸತ್ತಿನ ಕಾಯ್ದೆಯಾಗಿದೆ.

ಲಾಗಿನ್ ಮತ್ತು ಡೋಂಗಲ್ ಯಾರ ಕೈಗೂ ಕೊಡಬೇಡ. ಭೂಮಿಯಲ್ಲಿ ಬೆರಳಚ್ಚು ಇಟ್ಟು ಒಳಹೋಗುವ ಪದ್ಧತಿ ತಂದದ್ದೇ ‘ನಾನಲ್ಲ, ಯಾರೋ ನನ್ನ ಪಾಸ್‌ವರ್ಡ್ ಹಾಕಿದರು’ ಅನ್ನುವ ಮಾತಿಗೆ ಜಾಗ ಇರಬಾರದು ಅಂತ. ರಜೆಯಲ್ಲಿದ್ದಾಗ ಕೆಲಸ ನಿಲ್ಲುತ್ತದೆ ಅಂದರೆ ಪ್ರಭಾರದ ಆದೇಶ ಮಾಡಿಸಿ, ಅವರದೇ ಲಾಗಿನ್‌ನಲ್ಲಿ ಆಗಲಿ. ಮೇಲಿನವರು ಬಾಯಿಮಾತಿನಲ್ಲಿ ‘ಆ ಒಂದು ಹೆಸರು ಸೇರಿಸಿಬಿಡಪ್ಪ’ ಅಂದಾಗ ಎದುರಾಡಬೇಡ. ‘ಆಗಲಿ ಸರ್, ಟಿಪ್ಪಣಿ ಮಂಡಿಸುತ್ತೇನೆ’ ಅನ್ನು. ಎಷ್ಟೋ ಕೋರಿಕೆಗಳು ಟಿಪ್ಪಣಿ ಹಾಳೆ ನೋಡಿದ ಕೂಡಲೇ ವಾಪಸ್ಸು ಹೋಗುವುದನ್ನು ನೋಡಿದ್ದೇನೆ. ಉಳಿದವಕ್ಕೆ ಸಹಿ ಬೀಳುತ್ತದೆ. ಆಗ ಹೊಣೆ ಎಲ್ಲಿದೆ ಅಂತ ಎಲ್ಲರಿಗೂ ಗೊತ್ತಿರುತ್ತದೆ.

ಬೇಡದ್ದನ್ನು ಕೇಳಬೇಡ, ಬೇಕಾದದ್ದನ್ನು ಬೇಕಾದಷ್ಟು ಕಾಲ ಮಾತ್ರ ಇಟ್ಟುಕೋ. ರೆಕಾರ್ಡ್ ರೂಮಿನಲ್ಲಿ ಎ ವರ್ಗದ ಕಡತ ಶಾಶ್ವತ, ಕೆಳಗಿನ ವರ್ಗಗಳಿಗೆ ಇಷ್ಟಿಷ್ಟು ವರ್ಷ ಅಂತ ಲೆಕ್ಕ ಇದೆ. ಸರ್ವರಿನಲ್ಲಿರುವುದಕ್ಕೂ ಅಂಥ ಲೆಕ್ಕ ನಿಮ್ಮಲ್ಲಿ ಇದೆಯೇ ಅಂತ ವಿಚಾರಿಸು.

ಮೊದಲ ತಿಂಗಳಲ್ಲೇ ಒಂದು ದಿನ ರಜೆ ಹಾಕಿ, ಯಾರಿಗೂ ಹೇಳದೆ, ಯಾವುದಾದರೂ ನಾಡಕಚೇರಿಯ ಕಿಟಕಿಯ ಹೊರಗಡೆ ಕೂತು ಬಾ. ಜನ ಯಾವ ಕಾಗದ ಹಿಡಿದು ಬರುತ್ತಾರೆ, ಯಾವುದಕ್ಕೆ ವಾಪಸ್ಸು ಹೋಗುತ್ತಾರೆ ಬರೆದುಕೋ. ನೀನು ಶೀಟಿನಲ್ಲಿ ಹುಡುಕುವ ಖಾಲಿ ಮನೆಗಳು ಹೇಗೆ ಹುಟ್ಟುತ್ತವೆ ಅಂತ ಅಲ್ಲಿ ಕಾಣುತ್ತದೆ.

ನನ್ನ ಹತ್ತಿರ ಹಳೆಯದೊಂದು ನೋಟ್‌ಬುಕ್ ಇದೆ. ನನ್ನ ಕೈಗೆ ಬಂದ ತಿದ್ದುಪಡಿಗಳಲ್ಲಿ ಎಂಥೆಂಥ ತಪ್ಪು ಹೇಗೆ ಆಗಿತ್ತು, ಹೇಗೆ ಸರಿಹೋಯಿತು ಅಂತ ಬರೆದಿಟ್ಟದ್ದು. ಯಾರ ಹೆಸರೂ ಇಲ್ಲ, ಊರಿಲ್ಲ, ಸರ್ವೆ ನಂಬರಿಲ್ಲ. ಅವು ನಾನು ಮನೆಗೆ ತರಬಹುದಾದವಲ್ಲ. ಗೌರಿ ಹಬ್ಬಕ್ಕೆ ಬಾಗಿನ ತರುತ್ತೀಯಲ್ಲ, ಆಗ ಒಯ್ಯಿ. ಕೊನೆಯಲ್ಲಿ ಇಪ್ಪತ್ತು ಮೂವತ್ತು ಹಾಳೆ ಖಾಲಿ ಇವೆ.

ನಿನ್ನ ಅತ್ತೆ