ಹಣೆಯ ಮೇಲಿನ ಹಣತೆ

ಕತ್ತಲೆಯಲ್ಲಿ ನಡೆಯುವವನಿಗೆ ಬೆಳಕು ಬೇಕು. ಕತ್ತಲೆಯಲ್ಲಿ ದುಡಿಯುವವನಿಗೆ ಬೆಳಕೂ ಬೇಕು, ಎರಡು ಕೈಗಳೂ ಬೇಕು. ಪಂಜು, ಕಂದೀಲು, ಲಾಂದ್ರ, ಟಾರ್ಚು ಇವೆಲ್ಲವೂ ಮಾನವನಿಗೆ ಬೆಳಕನ್ನು ನೀಡಿದವು. ಆದರೆ ಅದಕ್ಕೆ ಪ್ರತಿಯಾಗಿ ಅವನ ಒಂದು ಕೈಯನ್ನು ಕಸಿದುಕೊಂಡವು. ಹಗ್ಗ ಹಿಡಿದು ಬಾವಿಗೆ ಇಳಿಯುವವನು, ಗುದ್ದಲಿ ಹಿಡಿದು ನೀರು ತಿರುಗಿಸುವವನು, ಬಂಡೆಯನ್ನು ತಬ್ಬಿ ಬೆಟ್ಟ ಹತ್ತುವವನು ದೀಪವನ್ನು ಯಾವ ಕೈಯಲ್ಲಿ ಹಿಡಿದಾನು? ಈ ಪ್ರಶ್ನೆಗೆ ದೊರೆತ ಉತ್ತರವೇ ತಲೆದೀಪ. ಜನರು ಇದನ್ನು ಹೆಡ್‌ಲೈಟ್, ಹೆಡ್‌ಟಾರ್ಚ್ ಎಂದೂ ಕರೆಯುತ್ತಾರೆ.

ತಲೆದೀಪದ ಅಗತ್ಯವನ್ನು ಮೊದಲು ಕಂಡವರು ಗಣಿಯ ಕಾರ್ಮಿಕರು. ನಮ್ಮ ನಾಡಿನ ಕೋಲಾರದ ಚಿನ್ನದ ಗಣಿಯು 2001ರಲ್ಲಿ ಮುಚ್ಚುವ ಹೊತ್ತಿಗೆ ಮೂರು ಕಿಲೋಮೀಟರಿಗೂ ಹೆಚ್ಚಿನ ಆಳವನ್ನು ಮುಟ್ಟಿತ್ತು. ಅಂತಹ ಪಾತಾಳದಲ್ಲಿ ಹಗಲು ರಾತ್ರಿಗಳ ಭೇದವಿಲ್ಲ. ದೀಪವಾರಿದರೆ ದಾರಿಯೇ ಇಲ್ಲ. ಕಲ್ಲಿದ್ದಲ ಗಣಿಗಳಲ್ಲಂತೂ ಇನ್ನೊಂದು ವಿಪತ್ತು ಹೊಂಚು ಹಾಕಿರುತ್ತದೆ. ಅಲ್ಲಿ ಹೊರಸೂಸುವ ಮೀಥೇನ್ ಅನಿಲವು ಗಾಳಿಯೊಡನೆ ಬೆರೆತಾಗ, ಜ್ವಾಲೆ ತಗುಲಿದೊಡನೆ ಸಿಡಿಯುತ್ತದೆ. ದಾರಿ ತೋರಬೇಕಾದ ದೀಪವೇ ಪ್ರಾಣ ತೆಗೆಯುವ ಕೊಳ್ಳಿಯಾಗುತ್ತದೆ.

ಇಂಗ್ಲೆಂಡಿನ ವಿಜ್ಞಾನಿ ಸರ್ ಹಂಫ್ರಿ ಡೇವಿ 1815ರಲ್ಲಿ ಜ್ವಾಲೆಯ ಸುತ್ತಲೂ ಸೂಕ್ಷ್ಮವಾದ ತಂತಿಬಲೆಯನ್ನು ಅಳವಡಿಸಿ, ಅಭಯದೀಪವೊಂದನ್ನು ರಚಿಸಿದನು. ಬಲೆಯು ಉಷ್ಣವನ್ನು ಹೀರಿಕೊಳ್ಳುವುದರಿಂದ ಜ್ವಾಲೆ ಹೊರಗಿನ ಅನಿಲಕ್ಕೆ ಹರಡುತ್ತಿರಲಿಲ್ಲ. ಆದರೆ ಅದರ ಬೆಳಕು ಮಂದವಾಗಿತ್ತು. ಅದನ್ನು ಕೈಯಲ್ಲಿಯೇ ಒಯ್ಯಬೇಕಾಗಿತ್ತು. ಆದುದರಿಂದ ಅನೇಕ ಗಣಿಗಳಲ್ಲಿ ಕಾರ್ಮಿಕರು ಟೋಪಿಗೆ ಸಿಕ್ಕಿಸಿಕೊಳ್ಳುವ ಎಣ್ಣೆಯ ದೀಪವನ್ನೋ ಕಾರ್ಬೈಡ್ ದೀಪವನ್ನೋ ಬಳಸುತ್ತಿದ್ದರು. ಕ್ಯಾಲ್ಸಿಯಂ ಕಾರ್ಬೈಡಿನ ಮೇಲೆ ನೀರು ತೊಟ್ಟಿಕ್ಕಿದಾಗ ಹುಟ್ಟುವ ಅಸಿಟಿಲೀನ್ ಅನಿಲವು ಉರಿದು ಬೆಳ್ಳನೆಯ ಬೆಳಕನ್ನು ಕೊಡುತ್ತದೆ. ಕೈಗಳೇನೋ ಬಿಡುವಾದವು; ತೆರೆದ ಜ್ವಾಲೆ ಮಾತ್ರ ತಲೆಯ ಮೇಲೆಯೇ ಉಳಿಯಿತು. 1912ರ ಮಾರ್ಚ್ ತಿಂಗಳಿನಲ್ಲಿ ಅಮೆರಿಕದ ಪಶ್ಚಿಮ ವರ್ಜೀನಿಯಾದ ಜೆಡ್ ಎಂಬಲ್ಲಿ ನಡೆದ ಗಣಿಸ್ಫೋಟದಲ್ಲಿ ಎಂಬತ್ತಕ್ಕೂ ಹೆಚ್ಚು ಕಾರ್ಮಿಕರು ಅಸುನೀಗಿದರು.

ಇಂತಹ ದುರಂತಗಳನ್ನು ತಡೆಯಲು ಜ್ವಾಲೆಯಿಲ್ಲದ ದೀಪವೇ ಬೇಕಾಗಿತ್ತು. ಥಾಮಸ್ ಆಲ್ವಾ ಎಡಿಸನ್ ಅದನ್ನು ಒದಗಿಸಿದನು. ಸೊಂಟದ ಪಟ್ಟಿಗೆ ನಿಕ್ಕಲ್ ಮತ್ತು ಕಬ್ಬಿಣದ ಬ್ಯಾಟರಿ, ಬೆನ್ನಿನ ಮೇಲೆ ಹಾದುಹೋಗುವ ತಂತಿ, ಟೋಪಿಯ ಮುಂಭಾಗದಲ್ಲಿ ಪುಟ್ಟ ವಿದ್ಯುದ್ದೀಪ. ಇದೇ ಅದರ ರಚನೆ. 1915ರಲ್ಲಿ ಅಮೆರಿಕದ ಗಣಿ ಇಲಾಖೆಯು ಅದಕ್ಕೆ ಒಪ್ಪಿಗೆಯಿತ್ತಿತು. ಕೆಲಸದ ಪಾಳಿ ಮುಗಿದ ಮೇಲೆ ಬ್ಯಾಟರಿಗೆ ಮತ್ತೆ ವಿದ್ಯುತ್ತನ್ನು ತುಂಬಿಸುತ್ತಿದ್ದರು. ಇಲ್ಲಿ ಗಮನಿಸಬೇಕಾದ ಸಂಗತಿಯೊಂದಿದೆ. ಆ ದೀಪದ ಹಿರಿಮೆ ಅದರ ಪ್ರಖರತೆಯಲ್ಲಿ ಇರಲಿಲ್ಲ. ಒಂದು ಪಾಳಿಯುದ್ದಕ್ಕೂ ಅದು ಆರದೆ ಉರಿಯುತ್ತಿತ್ತು ಎಂಬುದರಲ್ಲಿತ್ತು. ತಲೆದೀಪದ ಯೋಗ್ಯತೆಯನ್ನು ಅಳೆಯುವ ಒರೆಗಲ್ಲು ಇಂದಿಗೂ ಅದೇ.

ಅನಂತರ ಎರಡು ಆವಿಷ್ಕಾರಗಳು ಈ ದೀಪದ ರೂಪವನ್ನೇ ಬದಲಿಸಿದವು. ಹಳೆಯ ಬಲ್ಬು ತಾನು ಪಡೆದ ವಿದ್ಯುತ್ತಿನ ಬಹುಪಾಲನ್ನು ಶಾಖವಾಗಿ ಕಳೆದುಬಿಡುತ್ತಿತ್ತು. 1990ರ ದಶಕದ ಆರಂಭದಲ್ಲಿ ಪ್ರಖರವಾದ ನೀಲಿ ಎಲ್‌ಇಡಿ ಸಿದ್ಧವಾದ ಮೇಲೆ, ಅದರಿಂದ ಬಿಳಿಯ ಬೆಳಕನ್ನು ಪಡೆಯುವುದು ಸಾಧ್ಯವಾಯಿತು. ಈ ಸಾಧನೆಗಾಗಿ ಇಸಾಮು ಅಕಾಸಾಕಿ, ಹಿರೋಶಿ ಅಮಾನೊ, ಶುಜಿ ನಕಾಮುರಾ ಇವರಿಗೆ 2014ರಲ್ಲಿ ನೊಬೆಲ್ ಪಾರಿತೋಷಕ ಸಂದಿತು. 1991ರಲ್ಲಿ ಮಾರುಕಟ್ಟೆಗೆ ಬಂದ ಲಿಥಿಯಂ ಅಯಾನ್ ಬ್ಯಾಟರಿಯು ಅಲ್ಪ ತೂಕದಲ್ಲಿ ಅಧಿಕ ಶಕ್ತಿಯನ್ನು ಅಡಗಿಸಿಕೊಂಡಿತು. ಒಂದು ಕಾಲಕ್ಕೆ ಸೊಂಟಕ್ಕೆ ಭಾರವಾಗಿದ್ದ ಬ್ಯಾಟರಿ ಇಂದು ಹಣೆಯ ಮೇಲೆಯೇ ಕುಳಿತಿದೆ.

ಹೀಗೆ ಗಣಿಯಿಂದ ಮೇಲೆದ್ದು ಬಂದ ದೀಪವು ಈಗ ಹೊಲ, ತೋಟ, ಬೆಟ್ಟ, ಮನೆಗಳನ್ನು ಸೇರಿದೆ. ಮಲ್ಲಿಗೆಯ ಮೊಗ್ಗನ್ನು ನಸುಕಿಗೆ ಮೊದಲೇ ಬಿಡಿಸುವವರಿಗೂ, ಸೂರ್ಯೋದಯವನ್ನು ಕಾಣಲು ಇರುಳಿನಲ್ಲಿಯೇ ಬೆಟ್ಟವೇರುವವರಿಗೂ, ವಿದ್ಯುತ್ತು ನಿಂತಾಗ ಅಡುಗೆಮನೆಯಲ್ಲಿ ಒಲೆಯ ಮುಂದಿರುವವರಿಗೂ ಅದು ನೆರವಾಗುತ್ತದೆ. ರೈತನಿಗಂತೂ ಇದು ಜೀವರಕ್ಷಕ. ನೀರಾವರಿಯ ಪಂಪ್‌ಸೆಟ್ಟಿಗೆ ಹಲವು ವೇಳೆ ರಾತ್ರಿಯ ಪಾಳಿಯಲ್ಲಿ ವಿದ್ಯುತ್ತು ದೊರೆಯುವುದರಿಂದ, ಅವನು ನಡುರಾತ್ರಿಯಲ್ಲಿ ಬದುವಿನ ಮೇಲೆ ನಡೆದುಹೋಗಬೇಕಾಗುತ್ತದೆ. 2000ದಿಂದ 2019ರವರೆಗಿನ ಇಪ್ಪತ್ತು ವರ್ಷಗಳಲ್ಲಿ ಭಾರತದಲ್ಲಿ ಸುಮಾರು 12 ಲಕ್ಷ ಜನರು ಹಾವಿನ ಕಡಿತದಿಂದ ಮೃತರಾದರೆಂದು ಅಧ್ಯಯನವೊಂದು ಅಂದಾಜು ಮಾಡಿದೆ. ಅವರಲ್ಲಿ ಬಹುಮಂದಿ ಹಳ್ಳಿಗರು. ಸುಮಾರು ಅರ್ಧದಷ್ಟು ಸಾವುಗಳು ಸಂಭವಿಸಿದುದು ಮಳೆಗಾಲದಲ್ಲಿ. ದೀಪದ ಆಯ್ಕೆ ಬರಿಯ ಅಂಗಡಿಯ ವ್ಯವಹಾರವಲ್ಲ ಎಂಬುದು ಇದರಿಂದ ವಿದಿತವಾಗುತ್ತದೆ.

ಅಂಗಡಿಗೆ ಹೋದವನ ಕಣ್ಣು ಮೊದಲು ಪೆಟ್ಟಿಗೆಯ ಮೇಲಿನ ದೊಡ್ಡ ಅಂಕಿಯ ಮೇಲೆ ಬೀಳುತ್ತದೆ. ಅದು ಲ್ಯೂಮೆನ್ ಎಂಬ ಮಾನದಲ್ಲಿ ಬೆಳಕಿನ ಒಟ್ಟು ಮೊತ್ತವನ್ನು ಸೂಚಿಸುತ್ತದೆ. ಅಂಕಿ ಹಿರಿದಾದಷ್ಟೂ ದೀಪ ಉತ್ತಮವೆಂಬುದು ತಪ್ಪು ತಿಳಿವಳಿಕೆ. ಸಣ್ಣದೊಂದು ಲೆಕ್ಕದಿಂದ ಇದನ್ನು ಅರಿಯಬಹುದು. 3.6 ವೋಲ್ಟಿನ, 3,000 ಮಿಲಿಆಂಪಿಯರ್ ಗಂಟೆಯ ಬ್ಯಾಟರಿಯಲ್ಲಿ ಸುಮಾರು 11 ವ್ಯಾಟ್ ಗಂಟೆಗಳಷ್ಟು ಶಕ್ತಿಯಿರುತ್ತದೆ. ಒಂದು ವ್ಯಾಟಿಗೆ 100 ಲ್ಯೂಮೆನ್ ಬೆಳಕು ದೊರೆಯುವುದೆಂದು ಭಾವಿಸಿದರೆ, 100 ಲ್ಯೂಮೆನ್‌ನಲ್ಲಿ ಆ ದೀಪವು ಹತ್ತು ಗಂಟೆಗಳಿಗೂ ಮಿಕ್ಕಿ ಉರಿಯುತ್ತದೆ. 500 ಲ್ಯೂಮೆನ್‌ನಲ್ಲಿ ಎರಡು ಗಂಟೆಗಳಿಗೆ ಬರಿದಾಗುತ್ತದೆ. ದೀಪಕ್ಕೆ ಬೇಕಾದಷ್ಟು ಬೆಳಕಿದ್ದರೂ ಬೆಟ್ಟದ ಅರ್ಧದಾರಿಯಲ್ಲಿ ಆರಿಹೋದರೆ ಅದರಿಂದ ಏನು ಪ್ರಯೋಜನ?

ಪೆಟ್ಟಿಗೆಯ ಮೇಲೆ ಬರೆದಿರುವ ಗಂಟೆಗಳನ್ನೂ ವಿವೇಚಿಸಿ ಓದಬೇಕು. 2009ರಲ್ಲಿ ಅಮೆರಿಕದಲ್ಲಿ ರೂಪುಗೊಂಡು, ಇಂದು ಅನೇಕ ತಯಾರಕರು ಅನುಸರಿಸುವ ಅಳತೆಯ ಕ್ರಮವೊಂದಿದೆ. ಅದರ ಪ್ರಕಾರ, ಆರಂಭದ ಬೆಳಕು ಹತ್ತನೆಯ ಒಂದು ಭಾಗಕ್ಕೆ ಇಳಿಯುವವರೆಗಿನ ಕಾಲವೆಲ್ಲ ದೀಪದ ಬಾಳಿಕೆಯೇ. 400 ಲ್ಯೂಮೆನ್ ಎಂದು ಕೊಂಡ ದೀಪವು ಕೊನೆಗೆ 40 ಲ್ಯೂಮೆನ್ನಿಗೆ ಇಳಿದಿದ್ದರೂ ಲೆಕ್ಕಕ್ಕೆ ಅದು ಉರಿಯುತ್ತಲೇ ಇರುತ್ತದೆ. ಆದುದರಿಂದ ತನ್ನ ಕೆಲಸಕ್ಕೆ ಸಾಕಾಗುವ ಮಧ್ಯಮ ಬೆಳಕಿನಲ್ಲಿ ದೀಪ ಎಷ್ಟು ಹೊತ್ತು ನಿಲ್ಲುವುದೆಂದು ಮನೆಯಲ್ಲಿಯೇ ಒಮ್ಮೆ ಉರಿಸಿ ನೋಡುವುದು ಜಾಣತನ. ಸಾಮಾನ್ಯವಾಗಿ ಓದಲು, ಅಡುಗೆ ಮಾಡಲು 20ರಿಂದ 50 ಲ್ಯೂಮೆನ್, ಕಾಲುದಾರಿಯಲ್ಲಿ ನಡೆಯಲು 100ರಿಂದ 200 ಲ್ಯೂಮೆನ್ ಸಾಕು.

ಬೆಳಕು ಎಷ್ಟಿದೆ ಎಂಬಷ್ಟೇ ಅದು ಹೇಗೆ ಹರಡುತ್ತದೆ ಎಂಬುದೂ ಮುಖ್ಯ. ದೂರವು ಇಮ್ಮಡಿಯಾದಾಗ ಬೆಳಕಿನ ತೀವ್ರತೆಯು ನಾಲ್ಕನೆಯ ಒಂದಕ್ಕೆ ಕುಗ್ಗುತ್ತದೆ. ದೂರವನ್ನು ಕಾಣಲು ಕಿರಿದಾದ ಕಿರಣವೂ, ಕಾಲ ಬುಡವನ್ನು ಕಾಣಲು ಅಗಲವಾಗಿ ಹರಡುವ ಬೆಳಕೂ ಬೇಕು. ರಾತ್ರಿ ಸಂಚರಿಸುವ ಅನೇಕ ಪ್ರಾಣಿಗಳ ಕಣ್ಣಿನಲ್ಲಿ ಬೆಳಕನ್ನು ಪ್ರತಿಫಲಿಸುವ ಪದರವಿರುವುದರಿಂದ ನರಿಯ ಕಣ್ಣು ದೂರದಿಂದಲೇ ಹೊಳೆಯುತ್ತದೆ. ಹಾವಿನ ಕಣ್ಣಿನಲ್ಲಿ ಆ ಪದರವಿಲ್ಲ. ಅದು ಹೊಳೆದು ಎಚ್ಚರಿಸುವುದಿಲ್ಲ. ಬದುವಿನ ಮೇಲೆ ನಡೆಯುವವನು ದೂರದ ಮರವನ್ನು ಬೆಳಗಿಸುವುದಕ್ಕಿಂತ ಮುಂದಿನ ನಾಲ್ಕು ಹೆಜ್ಜೆಗಳ ನೆಲವನ್ನು ಬೆಳಗಿಸಿಕೊಳ್ಳುವುದೇ ಕ್ಷೇಮಕರ. ಇದಕ್ಕಾಗಿ ದೀಪದ ತಲೆಯನ್ನು ಕೆಳಕ್ಕೆ ಬಾಗಿಸುವ ಅನುಕೂಲವಿರಬೇಕು. ಮಲೆನಾಡಿನ ಮಂಜಿನಲ್ಲಿ ಮಾತ್ರ ಹಣೆಯ ದೀಪವು ಕಣ್ಣ ಮುಂದೆ ಬಿಳಿಯ ಗೋಡೆಯನ್ನು ಕಟ್ಟುತ್ತದೆ. ಆಗ ಅದನ್ನು ಬಿಚ್ಚಿ ಸೊಂಟದ ಮಟ್ಟದಲ್ಲಿ ಹಿಡಿದರೆ ದಾರಿ ಕಾಣಿಸುತ್ತದೆ.

ಉತ್ತಮ ದೀಪದಲ್ಲಿ ಕೆಂಪು ಬೆಳಕೂ ಇರುತ್ತದೆ. ಕತ್ತಲೆಗೆ ಕಣ್ಣು ಪೂರ್ಣವಾಗಿ ಹೊಂದಿಕೊಳ್ಳಲು ಅರ್ಧ ಗಂಟೆಯಷ್ಟು ಕಾಲ ಬೇಕು. ಬಿಳಿಯ ಬೆಳಕಿನ ಒಂದು ಕ್ಷಣ ಅದನ್ನೆಲ್ಲ ಕೆಡಿಸುತ್ತದೆ. ಮಂದವಾದ ಕೆಂಪು ಬೆಳಕು ಈ ಇರುಳುಗಣ್ಣನ್ನು ಅಷ್ಟಾಗಿ ಬಾಧಿಸದು. ನಕ್ಷತ್ರ ವೀಕ್ಷಕರಿಗೆ ಇದು ಅತ್ಯಗತ್ಯ. ತಲೆದೀಪ ಧರಿಸಿದವನು ಯಾರನ್ನು ನೋಡಿದರೂ ಬೆಳಕು ಅವರ ಕಣ್ಣಿಗೇ ಬೀಳುವುದರಿಂದ, ಮಾತನಾಡುವಾಗ ದೀಪವನ್ನು ಬಾಗಿಸುವುದು ಸೌಜನ್ಯ.

ನೀರಿನ ರಕ್ಷಣೆಯನ್ನು ಐಪಿ ಎಂಬ ಸಂಕೇತದಿಂದ ತಿಳಿಯಬಹುದು. ಐಪಿಎಕ್ಸ್4 ಎಂದಿದ್ದರೆ ಎಲ್ಲ ದಿಕ್ಕುಗಳಿಂದ ಸಿಡಿಯುವ ನೀರನ್ನು ದೀಪ ತಡೆಯುತ್ತದೆ. ಐಪಿಎಕ್ಸ್7 ಎಂದಿದ್ದರೆ ಒಂದು ಮೀಟರ್ ಆಳದ ನೀರಿನಲ್ಲಿ ಅರ್ಧ ಗಂಟೆ ಮುಳುಗಿದರೂ ಕೆಡುವುದಿಲ್ಲ. ದಿನಬಳಕೆಗೆ ನೂರು ಗ್ರಾಮಿನೊಳಗಿನ ದೀಪ ಹಿತಕರ. ಬ್ಯಾಟರಿ ದೊಡ್ಡದಾಗಿದ್ದರೆ ಅದು ತಲೆಯ ಹಿಂಭಾಗದಲ್ಲಿರುವುದು ಲೇಸು. ಮೊಬೈಲ್ ಫೋನಿನ ತಂತಿಯಿಂದಲೇ ವಿದ್ಯುತ್ತು ತುಂಬಿಸಲು ಬರುವಂತಿದ್ದರೆ, ಬ್ಯಾಟರಿಯನ್ನು ಬಿಚ್ಚಿ ಬದಲಿಸಲು ಬರುವಂತಿದ್ದರೆ ದೀಪದ ಆಯುಷ್ಯ ಹೆಚ್ಚುತ್ತದೆ. ಚೀಲದಲ್ಲಿ ತಾನಾಗಿಯೇ ಹೊತ್ತಿಕೊಳ್ಳದಂತೆ ಗುಂಡಿಗೆ ಬೀಗವಿರುವುದೂ ಒಳ್ಳೆಯದು.

ಕೊಂಡ ದೀಪವನ್ನು ಕಾಪಾಡುವುದೂ ಒಂದು ವಿದ್ಯೆ. ಬಹುಕಾಲ ಬಳಸದಿರುವಾಗ ಬ್ಯಾಟರಿಯನ್ನು ಪೂರ್ತಿ ಬರಿದಾಗಿಸದೆ, ಪೂರ್ತಿ ತುಂಬಿಸದೆ, ಅರ್ಧದಷ್ಟು ತುಂಬಿ ತಂಪಾದೆಡೆ ಇಡಬೇಕು. ಉಬ್ಬಿದ ಬ್ಯಾಟರಿಯನ್ನು ಎಂದಿಗೂ ಬಳಸಬಾರದು. ಅದರಿಂದ ಬೆಂಕಿಯ ಅಪಾಯವುಂಟು. ಸವೆದ ಬ್ಯಾಟರಿಯನ್ನು ತಿಪ್ಪೆಗೆ ಎಸೆಯದೆ ಸಂಗ್ರಹ ಕೇಂದ್ರಕ್ಕೆ ಒಪ್ಪಿಸಬೇಕು.

ಒಂದು ನೂರು ವರ್ಷಗಳ ಹಿಂದೆ ಗಣಿಯಿಂದ ಮೇಲೆ ಬಂದ ಕಾರ್ಮಿಕನು ಮನೆಗೆ ಹೋಗುವ ಮುನ್ನ ತನ್ನ ದೀಪವನ್ನು ಮರುದಿನಕ್ಕಾಗಿ ವಿದ್ಯುತ್ತು ತುಂಬಲು ಇಟ್ಟು ಹೋಗುತ್ತಿದ್ದನು. ಇಂದು ಹೊಲದಿಂದ ಮರಳಿದ ರೈತನೂ ಮಾಡಬೇಕಾದುದು ಅದನ್ನೇ. ಕತ್ತಲೆಗೆ ಕಾಲಿಡುವ ಮುನ್ನವೇ ಬೆಳಕನ್ನು ಸಿದ್ಧಪಡಿಸಿಕೊಂಡವನು ಕ್ಷೇಮವಾಗಿ ಮನೆ ಸೇರುತ್ತಾನೆ. ಎಲ್ಲಕ್ಕಿಂತ ಹೆಚ್ಚು ಬೆಳಗುವ ದೀಪ ಶ್ರೇಷ್ಠವಲ್ಲ. ಹಿಂದಿರುಗುವ ಕೊನೆಯ ಹೆಜ್ಜೆಯವರೆಗೂ ಜೊತೆಗಿರುವ ದೀಪವೇ ಶ್ರೇಷ್ಠ.

ಪ್ರಶ್ನೆಗಳು

1. ಡೇವಿಯ ದೀಪಕ್ಕೂ ಎಡಿಸನ್ನನ ದೀಪಕ್ಕೂ ಇರುವ ವ್ಯತ್ಯಾಸಗಳನ್ನು ತಿಳಿಸಿರಿ.
2. ಹೆಚ್ಚು ಲ್ಯೂಮೆನ್ ಇರುವ ದೀಪವೇ ಉತ್ತಮವೆನ್ನುವುದು ಏಕೆ ತಪ್ಪು? ಲೆಕ್ಕದ ಮೂಲಕ ವಿವರಿಸಿರಿ.
3. ರಾತ್ರಿ ಹೊಲಕ್ಕೆ ಹೋಗುವವನು ಬೆಳಕನ್ನು ನೆಲದ ಕಡೆಗೆ ಬಾಗಿಸಬೇಕು. ಕಾರಣವೇನು?
4. ನಿಮ್ಮ ಮನೆಯವರ ಕೆಲಸಕ್ಕೆ ಎಂತಹ ತಲೆದೀಪ ಯೋಗ್ಯವೆಂಬುದನ್ನು ಕುರಿತು ಹತ್ತು ವಾಕ್ಯಗಳನ್ನು ಬರೆಯಿರಿ.