ಪಾರಿವಾಳ ಪಾಸಾದ ಪರೀಕ್ಷೆ

ಪ್ರಶ್ನೆ: ಸ್ಲೈಡ್ ನೋಡಿ ಕ್ಯಾನ್ಸರ್ ಹೌದೋ ಅಲ್ಲವೋ ಹೇಳುವ ಪೆಥಾಲಜಿಸ್ಟ್ ಆಗಲು ಎಂಬಿಬಿಎಸ್ ಮುಗಿಸಿ ಮತ್ತೆ ಮೂರು ವರ್ಷ ಓದಬೇಕಂತೆ. ಈಗ ಕಂಪ್ಯೂಟರೇ ನೋಡಿ ಹೇಳುತ್ತದಲ್ಲ, ಅಷ್ಟು ಕಲಿಯುವುದೇನಿದೆ?

ಉತ್ತರ: ಕಂಪ್ಯೂಟರ್ ಹಾಗಿರಲಿ, ಪಾರಿವಾಳಗಳೂ ಹೇಳಿವೆ! ಸ್ತನದ ಅಂಗಾಂಶದ ಚಿತ್ರ ತೋರಿಸಿ, ಸರಿಯಾಗಿ ಕುಕ್ಕಿದಾಗಲೆಲ್ಲ ಕಾಳು ಕೊಟ್ಟು ಅವುಗಳಿಗೆ ಕ್ಯಾನ್ಸರ್ ಗುರುತಿಸಲು ಕಲಿಸಿದ ಪ್ರಯೋಗವೊಂದು 2015ರಲ್ಲಿ ಅಮೆರಿಕದಿಂದ ಪ್ರಕಟವಾಯಿತು. ಮೊದಲು ಕಾಣದ ಚಿತ್ರಗಳಲ್ಲೂ ಅವು ನೂರಕ್ಕೆ ಸುಮಾರು 85 ಸಲ ಸರಿಯಾಗಿಯೇ ಕುಕ್ಕಿದವು. ಮ್ಯಾಮೊಗ್ರಾಮ್‌ನ ಗಂಟುಗಳ ವಿಷಯದಲ್ಲಿ ಮಾತ್ರ ಸೋತವು. ತೋರಿಸಿದ್ದನ್ನು ಬಾಯಿಪಾಠ ಮಾಡಿಕೊಂಡಿದ್ದವು; ಹೊಸದು ಬಂದಾಗ ತಬ್ಬಿಬ್ಬಾದವು.

ಪಿ.ಜಿ. ವಿದ್ಯಾರ್ಥಿಗಳನ್ನು ಕಾಡುವುದೂ ಇದೇ. ವಿಭಾಗದ ಪೆಟ್ಟಿಗೆಯಲ್ಲಿರುವ ಅವವೇ ಹಳೆಯ ಸ್ಲೈಡ್‌ಗಳು. ಮೂಲೆ ಒಡೆದದ್ದು ಇಂಥ ಗೆಡ್ಡೆ ಎಂಬ ಗುಟ್ಟು ಸೀನಿಯರ್‌ಗಳಿಂದ ಜೂನಿಯರ್‌ಗಳಿಗೆ ದಾಟುವುದೂ ಉಂಟು. ಇದಕ್ಕೆ ಡಿಜಿಟಲ್ ಸ್ಲೈಡ್ ಒಳ್ಳೆಯ ಮದ್ದು. ಗಾಜನ್ನು ಇಡಿಯಾಗಿ ಸ್ಕ್ಯಾನ್ ಮಾಡಿಟ್ಟರೆ ಅಪರೂಪದ ಗೆಡ್ಡೆಯನ್ನು ಬೆಂಗಳೂರು, ರಾಯಚೂರು ಎರಡೂ ಕಡೆ ಒಟ್ಟಿಗೇ ನೋಡಬಹುದು. ರೋಗನಿದಾನಕ್ಕೇ ಇದನ್ನು ಬಳಸಲು ಅಮೆರಿಕ 2017ರಲ್ಲಿ ಮೊದಲ ಅನುಮತಿ ಕೊಟ್ಟಿತು. ನೀವು ಹೇಳುವ ಕಂಪ್ಯೂಟರ್ ಓದುವುದೂ ಇಂಥ ಸ್ಕ್ಯಾನ್‌ಗಳನ್ನೇ. ಆದರೆ ಸ್ಲೈಡಿಗೆ ಹಾಕುವ ಗುಲಾಬಿ, ನೇರಳೆ ಬಣ್ಣಗಳ ಛಾಯೆ ಲ್ಯಾಬಿನಿಂದ ಲ್ಯಾಬಿಗೆ ಬದಲಾಗುತ್ತದೆ. ಒಂದೇ ಲ್ಯಾಬಿನಲ್ಲಿ ಪಳಗಿದ ಸಾಫ್ಟ್‌ವೇರ್ ಬೇರೆ ಲ್ಯಾಬಿನ ಸ್ಲೈಡ್ ಕಂಡಾಗ ಪಾರಿವಾಳದಂತೆಯೇ ಎಡವಬಹುದು.

ನನ್ನ ಮಟ್ಟಿಗೆ ದೊಡ್ಡ ಪಾಠ ಸ್ಲೈಡ್ ಆಗುವ ಮೊದಲೇ, ಅಂಗವನ್ನು ಕತ್ತರಿಸಿ ನೋಡುವ ಗ್ರಾಸಿಂಗ್ ಮೇಜಿನ ಮೇಲೆ ನಡೆಯುತ್ತದೆ. ಆಪರೇಷನ್‌ನಲ್ಲಿ ತೆಗೆದ ಸ್ತನವೋ ಕರುಳೋ ಫಾರ್ಮಲಿನ್‌ನಲ್ಲಿ ಬಂದಿರುತ್ತದೆ. ಎಲ್ಲಿ ಕತ್ತರಿಸಬೇಕು, ಯಾವ ಚೂರು ಆರಿಸಬೇಕು, ಗೆಡ್ಡೆ ಅಂಚಿಗೆ ಎಷ್ಟು ಹತ್ತಿರವಿದೆ? ಆರಿಸಿದ ಚೂರು ಮಾತ್ರ ಮೇಣದ ಅಚ್ಚಾಗಿ, ನಾಲ್ಕೈದು ಮೈಕ್ರಾನ್ ದಪ್ಪದ ಪದರವಾಗಿ ಗಾಜಿನ ಮೇಲೆ ಕೂರುತ್ತದೆ. ಅಂಚಿನ ಚೂರೇ ಬಿಟ್ಟುಹೋದರೆ ಅಲ್ಲಿ ಕ್ಯಾನ್ಸರ್ ಉಳಿದಿದೆಯೇ ಎಂದು ಯಾವ ಸೂಕ್ಷ್ಮದರ್ಶಕವೂ ಹೇಳದು. ಈ ಕೆಲಸ ಕೈಗೆ ಹತ್ತಬೇಕಾದರೆ ದಿನವೂ ಸರ್ಜರಿ ನಡೆಯುವ ಆಸ್ಪತ್ರೆ ಬೇಕು, ಪಕ್ಕದಲ್ಲಿ ನಿಂತು ತಿದ್ದುವ ಗುರುಗಳೂ ಬೇಕು. ಎಲ್ಲ ಕಾಲೇಜುಗಳಲ್ಲೂ ಎರಡೂ ಸಿಗುವುದಿಲ್ಲ.

ರೋಗದ ಕಾರಣ ತಿಳಿಯಲೆಂದು ಮಾಡುವ ಶವಪರೀಕ್ಷೆಯಂತೂ ಹಲವು ದೇಶಗಳಲ್ಲಿ ಕಡಿಮೆಯಾಗಿದೆ. ಮನೆಯವರ ಒಪ್ಪಿಗೆ ಸಿಗುವುದು ಕಷ್ಟ. ಸ್ಕ್ಯಾನ್ ಇದೆಯಲ್ಲ ಎಂಬ ಸಮಾಧಾನ ವೈದ್ಯರಿಗೆ. ಆದರೆ ಬದುಕಿದ್ದಾಗ ಮಾಡಿದ ನಿದಾನ ತಪ್ಪಿತ್ತೆಂದು ಗೊತ್ತಾಗುತ್ತಿದ್ದುದೇ ಅಲ್ಲಿ. ಒಪ್ಪುವ ಮನೆಯವರೂ ಇದ್ದಾರೆ: ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ದಾನವಾಗಿ ಬಂದ ಮಿದುಳುಗಳ ಬ್ಯಾಂಕ್ ಇದೆ. ಅಲ್ಲಿನ ಮಿದುಳು ಮ್ಯೂಸಿಯಂ ಸಾರ್ವಜನಿಕರಿಗೂ ತೆರೆದಿದೆ, ನೀವೂ ಹೋಗಿ ನೋಡಬಹುದು.