ಸಂಸ್ಥೆಗಳೂ ಆಪತ್ಕಾಲವೂ

ವ್ಯಕ್ತಿಗೆ ಒದಗುವ ಆಪತ್ತಿಗೂ ಸಂಸ್ಥೆಗೆ ಒದಗುವ ಆಪತ್ತಿಗೂ ಒಂದು ಮುಖ್ಯವಾದ ಭೇದವುಂಟು. ಮನೆಯ ಮಾಡಿಗೆ ಬೆಂಕಿ ತಗಲಿದಾಗ ಅದನ್ನು ಕಂಡ ಕಣ್ಣೂ ಕೊಡಪಾನ ಹೊತ್ತು ಓಡುವ ಕೈಯೂ ಒಬ್ಬನವೇ. ಸಂಸ್ಥೆಯಲ್ಲಿ ಹಾಗಲ್ಲ. ಅಲ್ಲಿ ಕಾಣುವವನೊಬ್ಬ, ಅಪ್ಪಣೆ ಕೊಡುವವನು ಇನ್ನೊಬ್ಬ, ಕೆಲಸ ಮಾಡುವವನು ಮೂರನೆಯವನು. ಹಣ ತೆರಬೇಕಾದವನು ನಾಲ್ಕನೆಯವನಾಗಿ ಬೇರೊಂದು ಊರಿನಲ್ಲಿರುವುದೂ ಉಂಟು. ಇವರ ನಡುವಣ ಅಂತರದಲ್ಲಿಯೇ ಆಪತ್ತು ಬೆಳೆಯುತ್ತದೆ. ಆಪತ್ಕಾಲದ ನಿರ್ವಹಣೆ ಎಂದು ಇಂದು ಒಂದು ಶಾಸ್ತ್ರವೇ ಬೆಳೆದಿದ್ದರೂ ಅದರ ತಿರುಳು ಈ ಅಂತರವನ್ನು ಕಡಮೆ ಮಾಡುವುದೇ ಆಗಿದೆ. ಇದನ್ನು ತಿಳಿಯಲು ನಾವು ದೂರದ ದೇಶಗಳಿಗೆ ಹೋಗಬೇಕಾಗಿಲ್ಲ. ನಮ್ಮ ಕರಾವಳಿಯ ಉದಾಹರಣೆಗಳೇ ಸಾಕು.

ಮೊದಲು ಮಲ್ಪೆಯ ‘ಸುವರ್ಣ ತ್ರಿಭುಜ’ ಬೋಟಿನ ಪ್ರಕರಣವನ್ನು ನೋಡೋಣ. 2018ರ ಡಿಸೆಂಬರ್ 13ರಂದು ಏಳು ಮಂದಿ ಮೀನುಗಾರರನ್ನು ಹೊತ್ತು ಈ ಬೋಟು ಆಳಸಮುದ್ರದ ಮೀನುಗಾರಿಕೆಗೆ ಹೊರಟಿತು. ಅವರಲ್ಲಿ ಇಬ್ಬರು ಉಡುಪಿಯ ಕಡೆಯವರು, ಐವರು ಉತ್ತರ ಕನ್ನಡದವರು. ಡಿಸೆಂಬರ್ 15ರ ರಾತ್ರಿಯ ಅನಂತರ ಬೋಟಿನೊಡನೆ ಸಂಪರ್ಕ ಕಡಿದುಹೋಯಿತು. ಆದರೆ ಆ ರಾತ್ರಿ ದಡದಲ್ಲಿ ಯಾರೂ ಗಾಬರಿಗೊಳ್ಳಲಿಲ್ಲ. ಏಕೆ? ಆಳಸಮುದ್ರಕ್ಕೆ ಹೋಗುವ ಬೋಟುಗಳು ಐಸು, ಡೀಸೆಲ್, ಅಕ್ಕಿ ತುಂಬಿಕೊಂಡು ಹತ್ತು ಹನ್ನೆರಡು ದಿನ ಕಡಲಲ್ಲಿಯೇ ಇರುವುದು ವಾಡಿಕೆ. ದಡದಿಂದ ದೂರ ಹೋದ ಮೇಲೆ ದೂರವಾಣಿ ಸಿಗುವುದಿಲ್ಲ. ವೈರ್‌ಲೆಸ್ ಕೂಡ ಸಮೀಪದ ಬೋಟುಗಳಿಗೆ ಮಾತ್ರ ಕೇಳಿಸೀತು. ಬೋಟು ಸುಮ್ಮನಿರುವುದೇ ಅಲ್ಲಿ ಸಹಜಸ್ಥಿತಿ. ಹೀಗಾಗಿ ಆಪತ್ತಿನ ಮೌನವೂ ದುಡಿಮೆಯ ಮೌನವೂ ದಡದಲ್ಲಿ ನಿಂತವನಿಗೆ ಒಂದೇ ರೀತಿ ಕೇಳಿಸಿದವು. ಬೋಟು ಕಾಣೆಯಾಗಿದೆಯೆಂದು ಎಲ್ಲರಿಗೂ ಮನವರಿಕೆಯಾಗಿ ಶೋಧ ಆರಂಭವಾಗುವಷ್ಟರಲ್ಲಿ ಅಮೂಲ್ಯವಾದ ದಿನಗಳು ಕಳೆದಿದ್ದವು.

ಇಲ್ಲಿ ಯಾರನ್ನೂ ದೂರಿ ಪ್ರಯೋಜನವಿಲ್ಲ. ಎಚ್ಚರಿಕೆ ಕೊಡಬಲ್ಲ ವ್ಯವಸ್ಥೆಯೇ ಇಲ್ಲದ ಕಡೆ ಎಚ್ಚರ ತಪ್ಪಿದರೆಂದು ಹೇಳುವುದು ನ್ಯಾಯವಲ್ಲ. ಆದರೆ ಮುಂದಿನ ತಿಂಗಳುಗಳಲ್ಲಿ ಇನ್ನೊಂದು ಕೊರತೆ ಬೆಳಕಿಗೆ ಬಂದಿತು. ತಟರಕ್ಷಣಾ ಪಡೆ, ನೌಕಾಪಡೆ, ಪೊಲೀಸರು, ಮೀನುಗಾರಿಕೆ ಇಲಾಖೆ ಇವರೆಲ್ಲರೂ ಹುಡುಕುತ್ತಿದ್ದರೂ ಮನೆಯವರಿಗೆ ನಂಬುವಂಥ ಸುದ್ದಿ ಒಂದೇ ಬಾಯಿಂದ ದೊರೆಯಲಿಲ್ಲ. ಅಪಹರಣವಾಯಿತಂತೆ, ಹಡಗು ಡಿಕ್ಕಿ ಹೊಡೆಯಿತಂತೆ ಎಂಬ ಅಂತೆಕಂತೆಗಳು ಹಬ್ಬಿದವು. 2019ರ ಜನವರಿ 6ರಂದು ಸಹಸ್ರಾರು ಮೀನುಗಾರರು ಉಡುಪಿಯಲ್ಲಿ ರಾಷ್ಟ್ರೀಯ ಹೆದ್ದಾರಿಯನ್ನು ತಡೆದರು. ಕೊನೆಗೆ ಮೇ ತಿಂಗಳ ಆರಂಭದಲ್ಲಿ ನೌಕಾಪಡೆಯ ‘ನಿರೀಕ್ಷಕ್’ ಹಡಗು ಮಹಾರಾಷ್ಟ್ರದ ಮಾಲ್ವಣದ ಹೊರಗೆ, ಸುಮಾರು 60 ಮೀಟರ್ ಆಳದಲ್ಲಿ ಬೋಟಿನ ಅವಶೇಷವನ್ನು ಪತ್ತೆಹಚ್ಚಿತು. ಸುದ್ದಿಯನ್ನು ಹೇಳುವುದೂ ರಕ್ಷಣಾಕಾರ್ಯದ ಒಂದು ಅಂಗವೇ ಎಂಬುದನ್ನು ನಮ್ಮ ಸಂಸ್ಥೆಗಳು ಇನ್ನೂ ಮನಸ್ಸಿಟ್ಟು ಕಲಿತಿಲ್ಲ. ‘ಹೊಸ ಸುದ್ದಿ ಏನೂ ಇಲ್ಲ’ ಎಂದು ದಿನವೂ ಗೊತ್ತಾದ ಹೊತ್ತಿಗೆ ಬಂದು ಹೇಳುವ ಅಧಿಕಾರಿಯೊಬ್ಬನಿದ್ದರೆ ಅದು ಕೂಡ ಒಂದು ಆಸರೆಯೇ.

ಉಪಗ್ರಹದ ಮೂಲಕ ದಡಕ್ಕೆ ಸಂಕೇತ ಕಳುಹಿಸುವ ಟ್ರಾನ್ಸ್‌ಪಾಂಡರ್ ಯಂತ್ರಗಳನ್ನು ದೇಶದ 1 ಲಕ್ಷ ಮೀನುಗಾರಿಕಾ ದೋಣಿಗಳಿಗೆ ಅಳವಡಿಸುವ ಯೋಜನೆಯೊಂದು 2024ರಲ್ಲಿ ಆರಂಭವಾಯಿತು. ಗುಂಡಿಯೊತ್ತಿದರೆ ದೋಣಿ ಇರುವ ಸ್ಥಳ ದಡಕ್ಕೆ ತಿಳಿಯುತ್ತದೆ. ಆದರೆ ಆ ಸಂಕೇತವನ್ನು ನಡುರಾತ್ರಿ ನೋಡುವ ಕಣ್ಣು ಯಾರದು, ಅವನು ಯಾರನ್ನು ಎಬ್ಬಿಸಬೇಕು ಎಂಬುದು ನಿಶ್ಚಿತವಾಗಿರಬೇಕಷ್ಟೆ. ಯಂತ್ರ ಅಂತರವನ್ನು ಕಡಮೆ ಮಾಡಬಲ್ಲದು, ಇಲ್ಲದಂತೆ ಮಾಡಲಾರದು.

ನದಿಯ ವಿಷಯ ಬೇರೆ. ಅದು ಮುಂಚಿತವಾಗಿ ಹೇಳಿಯೇ ಬರುತ್ತದೆ. ಸ್ವರ್ಣೆ ಕಾರ್ಕಳದ ಘಟ್ಟದ ಮಗ್ಗುಲಿನಿಂದ ಇಳಿದು ಉಡುಪಿಯ ಕಡೆಗೆ ಹರಿಯುವವಳು. ಕಾರ್ಕಳದಲ್ಲಿ ಸುರಿದ ಮಳೆ ಕೆಳಗಿನ ಬಯಲಿಗೆ ತಲುಪಲು ಹೊತ್ತು ಬೇಕು, ಆ ಹೊತ್ತೇ ಕೆಳಗಿನವರ ಪಾಲಿನ ಅವಕಾಶ. 2020ರ ಸೆಪ್ಟೆಂಬರ್ 20ರ ಭಾನುವಾರ ಬೆಳಗಾಗುವುದರೊಳಗೆ ಉಡುಪಿಯ ತಗ್ಗುಪ್ರದೇಶಗಳಿಗೆ ನೀರು ನುಗ್ಗಿ, ಜನರನ್ನು ದೋಣಿಗಳಲ್ಲಿ ಸಾಗಿಸಬೇಕಾಯಿತು. ಅಂದು ಮೇಲಿಂದ ಬಂದ ನೆರೆಯ ಜೊತೆಗೆ ಊರಿನ ಮೇಲೆಯೇ ರಾತ್ರಿಯೆಲ್ಲ ಸುರಿದ ಮಳೆಯೂ ಸೇರಿತ್ತು. 2005ರ ವಿಪತ್ತು ನಿರ್ವಹಣಾ ಅಧಿನಿಯಮದಂತೆ ಇಂಥ ಸಮಯದಲ್ಲಿ ಜಿಲ್ಲೆಯ ಎಲ್ಲ ಇಲಾಖೆಗಳೂ ಜಿಲ್ಲಾಧಿಕಾರಿಯ ಅಧ್ಯಕ್ಷತೆಯ ಪ್ರಾಧಿಕಾರದ ಮಾತಿಗೆ ಒಳಪಡುತ್ತವೆ. ಅಪ್ಪಣೆ ಒಂದೇ ಕಡೆಯಿಂದ ಬರಬೇಕೆಂಬುದೇ ಇದರ ಉದ್ದೇಶ.

ಇನ್ನು ಕಾಪು ತಾಲೂಕಿಗೆ ಬರೋಣ. ಪಾದೂರಿನ ನೆಲದಡಿಯಲ್ಲಿ ಬಂಡೆ ಕೊರೆದು ಮಾಡಿದ ಗುಹೆಗಳಲ್ಲಿ 25 ಲಕ್ಷ ಟನ್ ಕಚ್ಚಾತೈಲವನ್ನು ಸಂಗ್ರಹಿಸುವ ವ್ಯವಸ್ಥೆಯಿದೆ. ಅಪಾಯಕಾರಿ ವಸ್ತುಗಳನ್ನು ದೊಡ್ಡ ಪ್ರಮಾಣದಲ್ಲಿ ಇಟ್ಟುಕೊಳ್ಳುವ ಕಡೆಗಳಿಗಾಗಿ, 1984ರ ಭೋಪಾಲದ ದುರಂತದ ತರುವಾಯ, 1989ರಲ್ಲಿ ನಿಯಮಗಳು ಬಂದವು. ಬೇಲಿಯ ಒಳಗಿನ ಯೋಜನೆಯನ್ನು ಸ್ಥಾವರದವರು ಬರೆಯಬೇಕು, ಬೇಲಿಯ ಹೊರಗಿನದನ್ನು ಜಿಲ್ಲಾಡಳಿತ ಬರೆಯಬೇಕು. ಒಳಗಿನದಕ್ಕೆ ಆರು ತಿಂಗಳಿಗೊಮ್ಮೆ, ಹೊರಗಿನದಕ್ಕೆ ವರ್ಷಕ್ಕೊಮ್ಮೆ ಅಣಕು ಪ್ರದರ್ಶನ ನಡೆಯಬೇಕು. ‘ಅಣಕು’ ಎಂಬ ಶಬ್ದದಿಂದಲೋ ಏನೋ, ಜನ ಇದನ್ನು ನಾಟಕವೆಂದು ನೋಡಿ ನಕ್ಕು ಹೋಗುವುದುಂಟು. ಆದರೆ ಯಾವ ಗೇಟಿನ ಬೀಗದ ಕೈ ಯಾರಲ್ಲಿದೆ, ಅಗ್ನಿಶಾಮಕದ ವಾಹನ ಊರಿನ ಓಣಿಯಲ್ಲಿ ತಿರುಗೀತೇ ಎಂಬುದು ಕಾಗದದಲ್ಲಿ ತಿಳಿಯುವಂಥದಲ್ಲ. ಮನೆ ಹತ್ತಿ ಉರಿಯುವಾಗ ಬಾವಿ ತೋಡುವವರನ್ನು ಹಿರಿಯರು ಹಾಸ್ಯ ಮಾಡಿದ್ದಾರೆ. ಬಾವಿಯಿದ್ದೂ ಹಗ್ಗ ಹುಡುಕುವವರು ಅವರಿಗಿಂತ ಬಹಳ ಮೇಲೇನೂ ಅಲ್ಲ.

ಈಗ ಅತ್ಯಂತ ಕಠಿಣವಾದ ಪ್ರಶ್ನೆ: ‘ನಿಲ್ಲಿಸಿ’ ಎಂದು ಹೇಳುವ ಅಧಿಕಾರ ಯಾರಿಗೆ? 2010ರ ಮೇ 22ರ ಬೆಳಗ್ಗೆ ದುಬೈಯಿಂದ ಬಂದ ಏರ್ ಇಂಡಿಯಾ ಎಕ್ಸ್‌ಪ್ರೆಸ್ ವಿಮಾನ ಮಂಗಳೂರಿನ ಗುಡ್ಡದ ಮೇಲಿನ ಓಡುದಾರಿಯನ್ನು ದಾಟಿ ಕಣಿವೆಗೆ ಬಿದ್ದು 158 ಮಂದಿ ಮಡಿದರು. ಎಂಟು ಮಂದಿ ಮಾತ್ರ ಬದುಕಿ ಉಳಿದರು. ವಿಮಾನ ಸರಿಯಾದ ಎತ್ತರದಲ್ಲಿ ಇಳಿಯುತ್ತಿರಲಿಲ್ಲ. ಇಳಿಯುವುದನ್ನು ಕೈಬಿಟ್ಟು ಮತ್ತೆ ಮೇಲೇರೋಣವೆಂದು ಸಹಚಾಲಕ ಮತ್ತೆ ಮತ್ತೆ ಹೇಳಿದ್ದನೆಂದೂ, ಆದರೆ ತಾನಾಗಿ ನಿಯಂತ್ರಣವನ್ನು ಕೈಗೆ ತೆಗೆದುಕೊಳ್ಳಲಿಲ್ಲವೆಂದೂ ತನಿಖಾ ವರದಿ ಹೇಳುತ್ತದೆ. ಹಾಗೆ ತೆಗೆದುಕೊಳ್ಳುವ ಅಧಿಕಾರದ ಬಗೆಗೆ ನಿಯಮಗಳಲ್ಲಿದ್ದ ಅಸ್ಪಷ್ಟತೆ ಇದಕ್ಕೆ ಕಾರಣವಾಗಿರಬಹುದೆಂದು ವರದಿ ಊಹಿಸಿದೆ. ಕಿರಿಯನ ಕಣ್ಣಿಗೆ ಆಪತ್ತು ಕಂಡಿತ್ತು, ಬಾಯಿಯೂ ಆಡಿತು. ಕೈ ಮಾತ್ರ ಏಳಲಿಲ್ಲ. ಹಿರಿಯರ ಮಾತಿಗೆ ಎದುರಾಡಬಾರದೆಂದು ಮನೆಯಲ್ಲಿ, ಶಾಲೆಯಲ್ಲಿ, ಕಚೇರಿಯಲ್ಲಿ ನಾವು ಕಲಿಸುತ್ತ ಬಂದಿರುವ ಶಿಸ್ತು ಇಂಥ ಒಂದು ನಿಮಿಷದಲ್ಲಿ ಎಷ್ಟು ದುಬಾರಿಯಾದೀತೆಂಬುದನ್ನು ವಿದ್ಯಾರ್ಥಿ ಮಿತ್ರರು ಯೋಚಿಸಬೇಕು.

2021ರ ಮೇ ತಿಂಗಳ ತೌಕ್ತೇ ಚಂಡಮಾರುತದಲ್ಲಿಯೂ ಇದೇ ಪ್ರಶ್ನೆ ಮತ್ತೊಂದು ರೂಪದಲ್ಲಿ ಎದ್ದಿತು. ಹವಾಮಾನ ಇಲಾಖೆಯ ಎಚ್ಚರಿಕೆ ಮುಂಚೆಯೇ ಬಂದಿತ್ತು. ಆದರೂ ಕಡಲಲ್ಲಿ ಉಳಿದಿದ್ದ ‘ಅಲಯನ್ಸ್’ ಎಂಬ ಟಗ್ಗು ಮಗುಚಿ ಪ್ರಾಣಹಾನಿಯಾಯಿತು. ‘ಕೋರಮಂಡಲ್ ಸಪೋರ್ಟರ್ 9’ ಎಂಬ ಇನ್ನೊಂದು ಟಗ್ಗು ಕಾಪು–ಮೂಲ್ಕಿ ಕಡಲಿನ ಬಂಡೆಗಳ ನಡುವೆ ಸಿಕ್ಕಿಕೊಂಡಿತು. ಅದರಲ್ಲಿದ್ದ ಒಂಬತ್ತು ಮಂದಿ ಎಲ್ಲಿದ್ದಾರೆಂಬುದು ದಡದವರಿಗೆ ತಿಳಿದಿದ್ದರೂ ಅಲೆಗಳ ರಭಸದಲ್ಲಿ ಸಮೀಪಿಸಲಾಗಲಿಲ್ಲ. ಮೇ 17ರಂದು ತಟರಕ್ಷಣಾ ಪಡೆಯವರೂ ನೌಕಾಪಡೆಯ ಹೆಲಿಕಾಪ್ಟರೂ ಸೇರಿ ಒಂಬತ್ತು ಮಂದಿಯನ್ನೂ ಉಳಿಸಿದರು. ಆ ಸಾಹಸಕ್ಕೆ ಸಲ್ಲಬೇಕಾದ ಪ್ರಶಂಸೆ ಸಲ್ಲಲಿ. ಆದರೆ ಎಚ್ಚರಿಕೆ ಬಂದ ದಿನ ‘ಇಂದು ಕೆಲಸ ಬೇಡ, ಬಂದರಿಗೆ ಹಿಂದಿರುಗಿ’ ಎಂದು ಹೇಳಬೇಕಾದವನು ಟಗ್ಗಿನ ನಾಯಕನೋ, ಅದರ ಒಡೆಯನೋ, ಕೆಲಸ ಗುತ್ತಿಗೆ ಕೊಟ್ಟವನೋ? ಮೂವರಿಗೂ ಅಧಿಕಾರ ಉಂಟೆಂದರೆ ಯಾರಿಗೂ ಇಲ್ಲವೆಂದೇ ಅರ್ಥವಾಗುವ ಭಯವಿದೆ.

ಒಳ್ಳೆಯ ಏರ್ಪಾಡಿನ ಉದಾಹರಣೆಯೂ ನಮ್ಮಲ್ಲಿಯೇ ಉಂಟು. 2020ರಲ್ಲಿ ಕೊರೋನಾ ಸೋಂಕು ಕಾಲಿಟ್ಟಾಗ ಉಡುಪಿಯ ಡಾ. ಟಿ.ಎಂ.ಎ. ಪೈ ಆಸ್ಪತ್ರೆಯನ್ನು ಆ ರೋಗಕ್ಕಾಗಿಯೇ ಮೀಸಲಿಡಲಾಯಿತು. ಮಣಿಪಾಲದ ಕಸ್ತೂರ್ಬಾ ಆಸ್ಪತ್ರೆ ಉಳಿದ ರೋಗಿಗಳಿಗೆ ತೆರೆದಿತ್ತು. ವೈದ್ಯರು, ದಾದಿಯರು, ಬಾಗಿಲುಗಳು ಎಲ್ಲವೂ ಬೇರೆ. ಆಗ ಜಿಲ್ಲೆಯಲ್ಲಿ ಸೋಂಕಿತರಿದ್ದುದು ಕೇವಲ ಮೂವರು, ಅವರೂ ಗುಣವಾಗಿ ಮನೆಗೆ ಹೋದರು. ಇಷ್ಟಕ್ಕೆ ಒಂದು ಇಡೀ ಆಸ್ಪತ್ರೆ ಬೇಕೇ ಎಂದು ಕೇಳುವವರಿಗೆ ಏಪ್ರಿಲ್ ಕೊನೆಯಲ್ಲಿ ಅವಕಾಶವಿತ್ತು. ಮೇ ಮಧ್ಯದಿಂದ ಮುಂಬಯಿಯ ಕಡೆಯಿಂದ ಊರಿನವರು ಹಿಂದಿರುಗತೊಡಗಿದರು. ಜೂನ್ ಮೊದಲ ವಾರದ ಹೊತ್ತಿಗೆ ರಾಜ್ಯದಲ್ಲಿಯೇ ಹೆಚ್ಚು ಸೋಂಕಿತರಿದ್ದ ಜಿಲ್ಲೆಗಳ ಸಾಲಿನಲ್ಲಿ ಉಡುಪಿ ಮುಂದೆ ನಿಂತಿತು. ಹಾಸಿಗೆಗಳು ಆಗಲೇ ಹಾಸಿದ್ದವು.